ತೂತುಗಳನ್ನು ಓದಿ ಹೊಲಿದ ಸೂಟು

ವಿಜಯನಗರದಿಂದ ಎಂ.ಜಿ. ರಸ್ತೆಯವರೆಗೆ ಬೆಳಗಿನ ಹೊತ್ತು ಮೆಟ್ರೋದಲ್ಲಿ ಕೂರಲು ಜಾಗ ಸಿಗುವುದು ಅಪರೂಪವಾದ್ದರಿಂದ, ಯಾವ ಕೋಟನ್ನೇ ಆಗಲಿ ನಾನು ಮೊದಲು ಪರೀಕ್ಷಿಸುವುದು ಬಲಗೈಯನ್ನು ತಲೆಯ ಮೇಲಕ್ಕೆ ಎತ್ತಿ. ಅಂಗಡಿಯಲ್ಲಿ ಕೊಂಡ ನನ್ನ ಎರಡು ಬ್ಲೇಜರ್‌ಗಳೂ ಈ ಪರೀಕ್ಷೆಯಲ್ಲಿ ಸೋತಿವೆ. ಕೈ ಮೇಲೆ ಹೋದೊಡನೆ ಇಡೀ ಕೋಟು ಅದರ ಹಿಂದೆಯೇ ಹೊರಟು, ಕಾಲರ್ ಕಿವಿಯ ಹತ್ತಿರಕ್ಕೂ ಕೆಳಗಿನ ಅಂಚು ಸೊಂಟದ ಮೇಲಕ್ಕೂ ಬಂದು ನಿಲ್ಲುತ್ತದೆ. ಸುಮಾರು ಎಂಬತ್ತು ವರ್ಷ ಹಳೆಯದಾದ ಅಮೆರಿಕದ ಪ್ಯಾಟರ್ನ್ (ಬಟ್ಟೆ ಕತ್ತರಿಸಲು ಬಳಸುವ ಕಾಗದದ ನಮೂನೆ) ಒಂದರಿಂದ ನಾನೇ ಹೊಲಿದುಕೊಂಡ ಸೂಟು ಸೋಲಲಿಲ್ಲ. ಈ ವಿಮರ್ಶೆ ಆ ಪ್ಯಾಟರ್ನನ್ನು ಕುರಿತದ್ದು. ನಾಟಕಕ್ಕೆ ತೊಡುವ ವೇಷವಾಗಿ ಅಲ್ಲ, ಬುಧವಾರವೋ ಗುರುವಾರವೋ ಯೋಚನೆಯಿಲ್ಲದೆ ಕಚೇರಿಗೆ ಹಾಕಿಕೊಂಡು ಹೋಗುವ ಬಟ್ಟೆಯಾಗಿ ಅದನ್ನು ಹೊಲಿಯಲು ಸಾಧ್ಯವೇ ಎಂಬುದಷ್ಟೇ ನನ್ನ ಪ್ರಶ್ನೆಯಾಗಿತ್ತು.

ನಮ್ಮಲ್ಲಿ ಹೊಲಿಗೆ ಕಲಿತವರಿಗೆ ಸಿದ್ಧ ಪ್ಯಾಟರ್ನ್ ಅಷ್ಟಾಗಿ ಪರಿಚಿತವಲ್ಲ. ಟೈಲರಿಂಗ್ ತರಗತಿಯಲ್ಲಿ ಎದೆ ಸುತ್ತಳತೆಯ ಕಾಲುಭಾಗಕ್ಕೆ ಇಷ್ಟು ಸೇರಿಸಬೇಕು, ಅಷ್ಟು ಕಳೆಯಬೇಕು ಎಂಬ ಲೆಕ್ಕದಲ್ಲಿ ಬ್ರೌನ್ ಪೇಪರಿನ ಮೇಲೆ ಗೆರೆ ಎಳೆದು ಕಲಿಯುತ್ತೇವೆ. ಕೈ ಪಳಗಿದ ಟೈಲರುಗಳು ಕಾಗದದ ಗೊಡವೆಯೇ ಇಲ್ಲದೆ ಬಟ್ಟೆಯ ಮೇಲೆ ನೇರವಾಗಿ ಚಾಕ್ ಆಡಿಸುತ್ತಾರೆ. ಅಮೆರಿಕದ ಮನೆಹೊಲಿಗೆ ಬೆಳೆದದ್ದು ಬೇರೆ ದಾರಿಯಲ್ಲಿ. ಮ್ಯಾಸಚೂಸೆಟ್ಸ್‌ನ ಎಬನೇಜರ್ ಬಟರಿಕ್ ಎಂಬ ಟೈಲರ್ 1863ರಲ್ಲಿ ಒಂದೇ ಉಡುಪನ್ನು ಬೇರೆ ಬೇರೆ ಅಳತೆಗಳ ಕಾಗದದ ತುಂಡುಗಳಾಗಿ ಕತ್ತರಿಸಿ ಮಾರಲು ತೊಡಗಿದ ಮೇಲೆ, ಅಳತೆ ಹಾಕುವ ಕಷ್ಟವನ್ನು ಕಂಪನಿಗೆ ಬಿಟ್ಟು ಕತ್ತರಿ ಮತ್ತು ಸೂಜಿಯ ಕೆಲಸವನ್ನಷ್ಟೇ ಮನೆಯಲ್ಲಿ ಮಾಡಿಕೊಳ್ಳುವ ರೂಢಿ ಅಲ್ಲಿ ಬೇರೂರಿತು. ನಾನು ಕೊಂಡದ್ದು ಆ ರೂಢಿಯ ಉಚ್ಛ್ರಾಯದ ಕಾಲದ ಒಂದು ಲಕೋಟೆ. ಹೆಂಗಸರ ಎರಡು ತುಂಡಿನ ಸೂಟು. ಮೂರು ಗುಂಡಿಯ ಕೋಟು, ಮೊಣಕಾಲಿನಿಂದ ತುಸು ಕೆಳಗಿಳಿಯುವ ಸ್ಕರ್ಟು. ಅಂದಿನ ಬೆಲೆ 25 ಸೆಂಟ್. ಹಳೆಯ ಸಾಮಾನು ಮಾರುವ ಅಲ್ಲಿನ ವ್ಯಾಪಾರಿಯೊಬ್ಬರಿಂದ ಅಂಚೆವೆಚ್ಚ ಸೇರಿ ನನಗೆ ಬಿದ್ದದ್ದು 3,400 ರೂಪಾಯಿ. ಕಂಪನಿಯ ಹೆಸರನ್ನು ಬೇಕೆಂದೇ ಹೇಳುತ್ತಿಲ್ಲ, ಏಕೆಂದರೆ ನನ್ನ ದೂರುಗಳಲ್ಲಿ ಬಹುಪಾಲು ಆ ಕಾಲದ ಎಲ್ಲ ಪ್ಯಾಟರ್ನ್‌ಗಳ ಮೇಲೂ ಹೊರಿಸಬಹುದಾದಂಥವು.

ಲಕೋಟೆಯ ಮೇಲೆ ಇಸವಿ ಇಲ್ಲ. ಆದರೆ ಈ ಪ್ಯಾಟರ್ನ್ ಯುದ್ಧ ಉತ್ಪಾದನಾ ಮಂಡಳಿಯ ಎಲ್-85 ಆದೇಶಕ್ಕೆ ಅನುಗುಣವಾಗಿದೆ ಎಂಬ ಸಣ್ಣ ಅಕ್ಷರದ ಸಾಲೊಂದಿದೆ, ಕಾಲ ಗುರುತಿಸಲು ಅಷ್ಟು ಸಾಕು. ಎರಡನೆಯ ಮಹಾಯುದ್ಧದಲ್ಲಿ ಸೈನ್ಯಕ್ಕೆ ಬಟ್ಟೆ ಉಳಿಸಲೆಂದು 1942ರಲ್ಲಿ ಅಮೆರಿಕದ ಸರ್ಕಾರ ಹೊರಡಿಸಿದ ಆ ಆದೇಶ ಹೆಂಗಸರ ಉಡುಪಿನ ಉದ್ದಗಲಗಳಿಗೆ ಮಿತಿ ಹಾಕಿತ್ತು; ಕೋಟಿನ ಉದ್ದ 25 ಇಂಚು ಮೀರಬಾರದು, ಕೆಳಗಿನ ಮಡಿಕೆ ಎರಡು ಇಂಚು ಮೀರಬಾರದು ಎಂಬಂಥ ನಿಯಮಗಳು ಅದರಲ್ಲಿದ್ದವು. ಇದನ್ನು ಇಲ್ಲಿ ಹೇಳುವುದಕ್ಕೆ ಕಾರಣವಿದೆ. ಹಳೆಯ ಉಡುಪು ಎಂದೊಡನೆ ಕಣ್ಣಿಗೆ ಕಟ್ಟುವ ನೆರಿಗೆ, ಘೇರು, ತೂಗಾಡುವ ಅಲಂಕಾರಗಳು ಯಾವುವೂ ಈ ಸೂಟಿನಲ್ಲಿಲ್ಲ. ಬಟ್ಟೆಯ ಕೊರತೆಯೇ ವಿನ್ಯಾಸಕಾರರ ಕೈ ಹಿಡಿದು ನಿಲ್ಲಿಸಿದ್ದರಿಂದ ಕೋಟು ಗಿಡ್ಡವಾಗಿ, ಮೈಗೆ ಹತ್ತಿರವಾಗಿ, ಗೆರೆಗಳು ಶುದ್ಧವಾಗಿ ಉಳಿದಿವೆ. ಇಂದು ಕಚೇರಿಗೆ ತೊಡಬಹುದಾದ ಹಳೆಯ ಪ್ಯಾಟರ್ನ್ ಹುಡುಕುವವರು 1942ರಿಂದ 1946ರ ನಡುವಿನದನ್ನೇ ಹುಡುಕಬೇಕೆಂದು ನಾನು ಹೇಳುವುದು ಈ ಕಾರಣಕ್ಕೆ.

ಲಕೋಟೆ ಬಿಚ್ಚಿದರೆ ಮೊದಲ ಅಚ್ಚರಿ ಕಾದಿರುತ್ತದೆ. ತೆಳುವಾದ, ಹಳದಿಗಟ್ಟಿದ ಟಿಶ್ಯೂ ಕಾಗದದ ಹದಿನಾಲ್ಕು ತುಂಡುಗಳ ಮೇಲೆ ಒಂದು ಗೆರೆಯಾಗಲಿ, ಒಂದು ಪದವಾಗಲಿ ಮುದ್ರಿತವಾಗಿಲ್ಲ. ಇರುವುದೆಲ್ಲ ತೂತುಗಳು. ಮೆಕಾಲ್ ಕಂಪನಿ 1920ರ ದಶಕದಿಂದಲೇ ಗೆರೆ ಮುದ್ರಿಸಿದ ಪ್ಯಾಟರ್ನ್‌ಗಳನ್ನು ಮಾರುತ್ತಿದ್ದರೂ ಇತರ ಕಂಪನಿಗಳಲ್ಲಿ ಹಲವು ಯುದ್ಧಕಾಲದಲ್ಲೂ ತೂತಿನ ಪ್ಯಾಟರ್ನ್‌ಗಳಿಗೇ ಅಂಟಿಕೊಂಡಿದ್ದವು. ಚಿಕ್ಕ ತೂತುಗಳನ್ನು ಜೋಡಿಸಿ ಬರೆದ ಅಕ್ಷರ ಆ ತುಂಡಿನ ಹೆಸರು; ಸಾಲಾಗಿ ಕೊರೆದ ದೊಡ್ಡ ತೂತುಗಳು ಬಟ್ಟೆಯ ಹಾಸಿನ ಎಳೆಗೆ ಸಮಾನಾಂತರವಾಗಿ ಇಡಬೇಕಾದ ರೇಖೆ; ಜೋಡಿ ಜೋಡಿಯಾಗಿ ಕೆಳಗಿಳಿಯುವ ತೂತುಗಳು ಡಾರ್ಟ್, ಅಂದರೆ ಮೈಯ ಆಕಾರಕ್ಕೆಂದು ಚಿವುಟಿ ಹೊಲಿಯುವ ಮಡಿಕೆ; ಅಂಚಿನ ಕಚ್ಚುಗಳು ಯಾವುದಕ್ಕೆ ಯಾವುದು ಸೇರಬೇಕೆಂಬ ಗುರುತು. ಇವುಗಳ ಅರ್ಥ ಸೂಚನಾ ಹಾಳೆಯ ಮೂಲೆಯಲ್ಲಿರುವ ಸಣ್ಣ ಚಿತ್ರದಲ್ಲಿದೆ, ಮತ್ತೆಲ್ಲೂ ಇಲ್ಲ. ಮೊದಲ ಸಂಜೆ ಪೂರ್ತಿ ನಾನು ಮಾಡಿದ್ದು ಇಷ್ಟೇ: ಇಸ್ತ್ರಿಪೆಟ್ಟಿಗೆಯ ಕನಿಷ್ಠ ಶಾಖದಲ್ಲಿ, ಹಬೆ ತಾಕಿಸದೆ, ಒಂದೊಂದು ತುಂಡಿನ ಮಡಿಕೆ ಬಿಡಿಸಿ, ಬ್ರೌನ್ ಪೇಪರಿನ ಮೇಲೆ ಹಾಸಿ, ಅಂಚನ್ನೂ ಪ್ರತಿ ತೂತನ್ನೂ ಪೆನ್ಸಿಲಿನಿಂದ ನಕಲು ತೆಗೆದದ್ದು. ಮೂಲದ ತುಂಡನ್ನು ಗುಂಡುಸೂಜಿಯಿಂದ ನೇರವಾಗಿ ಬಟ್ಟೆಗೆ ಚುಚ್ಚುವ ದುಸ್ಸಾಹಸವನ್ನು ಯಾರೂ ಮಾಡಬಾರದು. ಆ ಕಾಗದ ಒಣಗಿದ ಈರುಳ್ಳಿ ಸಿಪ್ಪೆಯಂತೆ ಮುರಿಯುತ್ತದೆ.

ಈ ನಕಲಿನ ಹೊತ್ತಿನಲ್ಲೇ ಒಂದು ತುಂಡು ಕಡಿಮೆಯಿರುವುದು ಗೊತ್ತಾಯಿತು. ಎಲ್ಲವೂ ಇದೆ ಎಂದು ವ್ಯಾಪಾರಿ ಬರೆದಿದ್ದರು, ಆದರೆ ಕಾಲರಿನ ಒಳಭಾಗದ ತುಂಡು ಇರಲಿಲ್ಲ. ಮೇಲಿನ ಕಾಲರನ್ನು ಆಧಾರವಾಗಿಟ್ಟುಕೊಂಡು, ಸುತ್ತ ಒಂದು ನೂಲಿನಷ್ಟು ಕಿರಿದುಮಾಡಿ, ರವಿಕೆಯ ಕ್ರಾಸ್ ಕಟಿಂಗಿನಂತೆ ಓರೆಯಾಗಿ ಕತ್ತರಿಸಿ ನಾನೇ ಒಂದನ್ನು ಮಾಡಿಕೊಂಡೆ. ಹೊಲಿಗೆ ಬಲ್ಲವರಿಗೆ ಅದು ಅರ್ಧ ಗಂಟೆಯ ಕೆಲಸ. ಆದರೆ ತೋಳಿನ ತುಂಡು ಇಲ್ಲದೆ ಹೋಗಿದ್ದರೆ ಇಡೀ ಲಕೋಟೆ ವ್ಯರ್ಥವಾಗುತ್ತಿತ್ತು. ಕೊಳ್ಳುವ ಮೊದಲು ಪ್ರತಿ ತುಂಡಿನ ಚಿತ್ರ ಕಳುಹಿಸುವಂತೆ ಕೇಳಬೇಕು, ಕಳುಹಿಸದವರಿಂದ ಕೊಳ್ಳಬಾರದು.

ಅಳತೆಯ ವಿಷಯದಲ್ಲಿ ಇನ್ನೂ ದೊಡ್ಡ ಗುಂಡಿಯಿದೆ. ಲಕೋಟೆಯ ಮೇಲೆ ಸೈಜ್ 16 ಎಂದಿದ್ದುದನ್ನು ನೋಡಿ, ಇಂದಿನ ಅಮೆರಿಕದ ಪ್ಯಾಟರ್ನ್‌ಗಳ 16 ಎಂದುಕೊಂಡು ಕೊಂಡವರು ಕೋಟಿನೊಳಗೆ ಕೈ ತೂರಿಸಲೂ ಆಗದೆ ಬೇಸರಪಡುತ್ತಾರೆ. ಆ ಕಾಲದ 16 ಎಂದರೆ ಎದೆ 34 ಇಂಚು, ಸೊಂಟ 28, ಹಿಂಬದಿಯ ಸುತ್ತಳತೆ 37. ಇಂದಿನ 16ರ ಎದೆ 38 ಇಂಚು. ನಡುವಿನ ದಶಕಗಳಲ್ಲಿ ಸಂಖ್ಯೆಗಳು ಹಾಗೆಯೇ ಉಳಿದು ಅವುಗಳ ಹಿಂದಿನ ಇಂಚುಗಳು ಸರಿದುಹೋಗಿವೆ. ಆದ್ದರಿಂದ ಸೈಜಿನ ಸಂಖ್ಯೆಯನ್ನು ಪೂರ್ತಿ ಮರೆತು ಎದೆಯ ಇಂಚನ್ನಷ್ಟೇ ನೋಡಬೇಕು. ನನ್ನದು 36, 31, 39. ಅಂದರೆ ಎದೆಗೆ ಎರಡು ಇಂಚು, ಸೊಂಟಕ್ಕೆ ಮೂರು ಇಂಚು ಹೆಚ್ಚಿಸಬೇಕಾಯಿತು. ಸೊಂಟದ ಅಂತರ ಎದೆಯದಕ್ಕಿಂತ ಹೆಚ್ಚಾಗಿರುವುದನ್ನು ಗಮನಿಸಬಹುದು. ಆ ಕಾಲದ ಪ್ಯಾಟರ್ನ್ ಒಳಗೆ ಬಿಗಿಯಾದ ನಡುಪಟ್ಟಿ ತೊಟ್ಟ ಮೈಯನ್ನು ಮನಸ್ಸಿನಲ್ಲಿಟ್ಟುಕೊಂಡು ಕತ್ತರಿಸಿದ್ದು; ಮಧ್ಯಾಹ್ನ ಡಬ್ಬಿಯಲ್ಲಿ ಬಿಸಿಬೇಳೆಬಾತ್ ಉಂಡು ಕುರ್ಚಿಯಲ್ಲಿ ಕೂರುವ ಮೈಯನ್ನಲ್ಲ. ಡಾರ್ಟುಗಳನ್ನು ಕಿರಿದುಮಾಡಿ ನಾನು ಆ ಜಗಳವನ್ನು ತೀರಿಸಿದೆ.

ಹೀಗೆ ಹಿಗ್ಗಿಸುವಾಗಲೇ ಈ ಪ್ಯಾಟರ್ನಿನ ನಿಜವಾದ ಗುಣ ನನಗೆ ಅರ್ಥವಾದದ್ದು, ನಾನು ಅದನ್ನು ಹಾಳುಮಾಡುವುದರ ಅಂಚಿಗೆ ಹೋಗಿದ್ದೂ ಆಗಲೇ. ಮೊದಲು ಕೋರಾ ಬಟ್ಟೆಯಲ್ಲಿ ಕೋಟನ್ನಷ್ಟೇ ಕಚ್ಚಾ ಹೊಲಿಗೆ ಹಾಕಿ ತೊಟ್ಟು ನೋಡಿದಾಗ ತೋಳು ಕೂರಿಸುವ ಸುತ್ತು, ಅಂದರೆ ಆರ್ಮ್‌ಹೋಲ್ ಕಂಕುಳಿಗೆ ಒತ್ತಿದಂತೆ ಅನ್ನಿಸಿತು. ನಮ್ಮ ಬೀದಿಯ ಟೈಲರಿಗೆ ತೋರಿಸಿದೆ. ಅವರು ನಲವತ್ತು ವರ್ಷದಿಂದ ಗಂಡಸರ ಕೋಟು ಹೊಲಿಯುತ್ತಿರುವವರು, ನನಗಿಂತ ಎಷ್ಟೋ ಬಲ್ಲವರು. ಎರಡು ಬೆರಳು ಕಂಕುಳಿನ ಬಳಿ ಇಟ್ಟು, "ಇಲ್ಲಿ ಒಂದಿಂಚು ಇಳಿಸಿಬಿಡಿ ಮೇಡಂ, ಕೈ ಆಡೋಕೆ ಜಾಗ ಬೇಕಲ್ಲ" ಎಂದರು. ಚಾಕ್ ಕೂಡ ಹಚ್ಚಿದರು. "ಒಂದು ದಿನ ಯೋಚನೆ ಮಾಡ್ತೀನಿ ಮಾಸ್ಟ್ರೇ" ಎಂದು ಮನೆಗೆ ತಂದು, ಅದನ್ನೇ ತೊಟ್ಟು, ಮೆಟ್ರೋದ ಹಿಡಿ ಹಿಡಿದವಳಂತೆ ಕೈ ಎತ್ತಿ ಕನ್ನಡಿಯ ಮುಂದೆ ನಿಂತೆ. ಕೋಟು ಅಲ್ಲಾಡಲಿಲ್ಲ. ಕಾಲರ್ ಕುತ್ತಿಗೆಯಲ್ಲೇ ಇತ್ತು, ಕೆಳಗಿನ ಅಂಚು ಮುಕ್ಕಾಲು ಇಂಚಿನಷ್ಟು ಮಾತ್ರ ಏರಿತ್ತು.

ಇದು ಮೇಲ್ನೋಟಕ್ಕೆ ವಿರುದ್ಧವಾಗಿ ಕಾಣುತ್ತದೆ, ಆದರೆ ಲೆಕ್ಕ ಸರಳವಾಗಿದೆ. ತೋಳಿನ ಅಡಿಹೊಲಿಗೆ ಕೋಟಿನ ಪಕ್ಕದ ಹೊಲಿಗೆಯನ್ನು ಸೇರುವ ಬಿಂದು ಕಂಕುಳಿಗೆ ಎಷ್ಟು ಹತ್ತಿರವಿರುತ್ತದೋ, ಕೈ ಎತ್ತಿದಾಗ ಅದು ಅಷ್ಟು ಕಡಿಮೆ ದೂರ ಮೇಲೆ ಚಲಿಸಬೇಕಾಗುತ್ತದೆ. ಆರ್ಮ್‌ಹೋಲ್ ಇಳಿಸಿದರೆ ಆ ಬಿಂದು ಪಕ್ಕೆಯ ಮೇಲೆ ಎಲ್ಲೋ ಕೆಳಗೆ ಕೂರುತ್ತದೆ, ಕೈ ಎತ್ತಿದಾಗ ಕೋಟಿನ ಇಡೀ ಪಕ್ಕವನ್ನು ಎಳೆದುಕೊಂಡು ಹೋಗುತ್ತದೆ. ಅಂಗಡಿಯ ಸಿದ್ಧ ಬ್ಲೇಜರ್ ನೂರಾರು ಬಗೆಯ ಮೈಗಳಿಗೆ ಹೊಂದಬೇಕಾದ್ದರಿಂದ ಅದರ ಆರ್ಮ್‌ಹೋಲನ್ನು ಆಳವಾಗಿ ಬಿಡುತ್ತಾರೆ. ನಿಂತಾಗ ಸಡಿಲವಾಗಿ ಹಿತವೆನಿಸುವ ಅದು ಕೈ ಆಡಿಸಿದಾಗ ಕಟ್ಟಿಹಾಕುತ್ತದೆ. ಸೀರೆ ಉಡುವ ಹೆಂಗಸರಿಗೆ ಇದನ್ನು ವಿವರಿಸುವ ಅಗತ್ಯವೇ ಇಲ್ಲ. ಚೆನ್ನಾಗಿ ಕೂತ ರವಿಕೆಯ ಆರ್ಮ್‌ಹೋಲ್ ಕಂಕುಳಿನ ಬುಡಕ್ಕೇ ಇರುತ್ತದೆ, ಅದನ್ನು ತೊಟ್ಟೇ ನಾವು ಅಟ್ಟದ ಮೇಲಿನ ಡಬ್ಬ ಇಳಿಸುತ್ತೇವೆ, ಹಗ್ಗಕ್ಕೆ ಬಟ್ಟೆ ಹಾಕುತ್ತೇವೆ. ಈ ಅಮೆರಿಕದ ಕೋಟು ಆ ಮಟ್ಟಿಗೆ ಇಂದಿನ ಬ್ಲೇಜರಿಗಿಂತ ನಮ್ಮ ರವಿಕೆಗೆ ಹತ್ತಿರದ ಸಂಬಂಧಿ. ಮಾಸ್ಟ್ರಿಗೆ ಕೈ ಎತ್ತಿ ತೋರಿಸಿದಾಗ ಅವರು ಸ್ವಲ್ಪ ಹೊತ್ತು ನೋಡಿ, ತಮ್ಮ ಯಜಮಾನರ ಕಾಲದಲ್ಲಿ ಹೀಗೆಯೇ ಕತ್ತರಿಸುತ್ತಿದ್ದರು, ಈಗ ಗಿರಾಕಿಗಳೇ ಬಿಗಿ ಎಂದು ಜಗಳವಾಡುತ್ತಾರೆ ಎಂದರು.

ಹಾಗಾಗಿ ಹಿಗ್ಗಿಸುವ ಎರಡು ಇಂಚನ್ನು ಆರ್ಮ್‌ಹೋಲಿನ ಆಳಕ್ಕೆ ತಾಗದಂತೆ ಹಂಚಬೇಕು. ಮುಂಭಾಗ ಮತ್ತು ಹಿಂಭಾಗದ ತಲಾ ಅರ್ಧ ತುಂಡಿಗೆ ಅರ್ಧ ಇಂಚು ಬರುತ್ತದೆ. ಅದರಲ್ಲಿ ಒಂದು ಸಣ್ಣ ಪಾಲನ್ನು ಭುಜದ ನಡುವಿನಿಂದ ಕೆಳಅಂಚಿನವರೆಗೆ ಕಾಗದವನ್ನು ಸೀಳಿ ಸೇರಿಸಿ, ಉಳಿದದ್ದನ್ನು ಪಕ್ಕದ ಹೊಲಿಗೆಯಲ್ಲಿ ಕೊಟ್ಟೆ. ಪಕ್ಕದಲ್ಲಿ ಎಷ್ಟು ಕೊಟ್ಟೆನೋ ಅಷ್ಟನ್ನೇ ತೋಳಿನ ಅಡಿಹೊಲಿಗೆಗೂ ಕೊಟ್ಟೆ. ಎಲ್ಲವನ್ನೂ ಪಕ್ಕದಲ್ಲೇ ತುರುಕಿದರೆ ಕೆಲಸ ಬೇಗ ಮುಗಿಯುತ್ತದೆ, ಆದರೆ ಎದೆಯ ಡಾರ್ಟ್ ನಡುವಿನಲ್ಲೇ ಉಳಿದು ಕೋಟು ಮುಂದಿನಿಂದ ಕಿರಿದಾಗಿ ಕಾಣುತ್ತದೆ.

ಭುಜದ ವಿಷಯದಲ್ಲಿ ಮಾತ್ರ ನಾನು ಮೂಲಕ್ಕೆ ನಿಷ್ಠಳಾಗಿಲ್ಲ. ಯುದ್ಧಕಾಲದ ಭುಜ ಅಗಲ, ಚೌಕ, ಒಳಗೆ ದಪ್ಪ ಪ್ಯಾಡು. ಅದನ್ನು ಹಾಗೆಯೇ ಹೊಲಿದರೆ ಸೂಟು ವೇಷವಾಗುತ್ತದೆ, ಲಿಫ್ಟಿನಲ್ಲಿ ಜನ ತಿರುಗಿ ನೋಡುತ್ತಾರೆ. ಹಾಗೆಂದು ಪ್ಯಾಡನ್ನು ಕಿತ್ತು ಬಿಸಾಡಿದರೂ ಆಗದು. ಅದಕ್ಕೆಂದು ಬಿಟ್ಟಿರುವ ಎತ್ತರ ಖಾಲಿಯಾಗಿ, ತೋಳಿನ ತುದಿಯಲ್ಲಿ ಬಟ್ಟೆ ಜೋತುಬೀಳುತ್ತದೆ. ನಾನು ದಪ್ಪ ಪ್ಯಾಡಿನ ಬದಲು ಕಾಲು ಇಂಚು ತೆಳುವಾದದ್ದನ್ನು ಇಟ್ಟು, ಭುಜದ ಹೊಲಿಗೆಯ ಹೊರತುದಿಯನ್ನು ಅಷ್ಟೇ ಇಳಿಸಿ, ತೋಳಿನ ನೆತ್ತಿಯಿಂದಲೂ ಕಾಲು ಇಂಚು ತೆಗೆದೆ. ಈ ಮೂರರಲ್ಲಿ ಒಂದನ್ನು ಮರೆತರೂ ತೋಳು ಸರಿಯಾಗಿ ಕೂರುವುದಿಲ್ಲ. ನಾನು ಮೂರನೆಯದನ್ನು ಮರೆತು ಎಡತೋಳನ್ನು ಎರಡು ಬಾರಿ ಬಿಚ್ಚಿದೆ.

ಸೂಚನಾ ಹಾಳೆಯ ಬಗ್ಗೆ ಹೊಗಳುವುದಕ್ಕೆ ಹೆಚ್ಚೇನಿಲ್ಲ. ಒಂದೇ ಹಾಳೆ, ಎರಡು ಬದಿ. "ಲ್ಯಾಪೆಲ್‌ಗೆ ಕ್ಯಾನ್ವಾಸ್ ಕೂರಿಸಿ" (ಕಾಲರಿನ ಕೆಳಗೆ ಎದೆಯ ಮೇಲೆ ಮಗುಚಿ ನಿಲ್ಲುವ ಅಂಚಿಗೆ ಒಳಗಿನಿಂದ ಗಟ್ಟಿ ಬಟ್ಟೆ ಸೇರಿಸಿ) ಎಂಬರ್ಥದ ಒಂದು ವಾಕ್ಯದ ಹಿಂದೆ ಮೂರು ಸಂಜೆಗಳ ಕೈಹೊಲಿಗೆ ಅಡಗಿದೆ ಎಂಬ ಸುಳಿವೂ ಅದರಲ್ಲಿಲ್ಲ. ಅಂದಿನ ಗೃಹಿಣಿಗೆ ಅದು ಗೊತ್ತಿರುತ್ತಿತ್ತು ಎಂಬ ಭರವಸೆಯಲ್ಲಿ ಬರೆದದ್ದು ಅದು. ಇಂದಿನ ಇಸ್ತ್ರಿಗೆ ಅಂಟುವ ಕ್ಯಾನ್ವಾಸನ್ನು ಬಳಸಿದರೆ ಅರ್ಧ ಗಂಟೆಯಲ್ಲಿ ಮುಗಿಯುತ್ತದೆ ನಿಜ, ಮೊದಲ ಪ್ರಯತ್ನದಲ್ಲಿ ನಾನೂ ಒಂದು ಚೂರು ಬಟ್ಟೆಯ ಮೇಲೆ ಅದನ್ನೇ ಮಾಡಿ ನೋಡಿದೆ. ಲ್ಯಾಪೆಲ್ ಹಪ್ಪಳದಂತೆ ಸೆಟೆದು ನಿಂತಿತು. ಹಾಗಾಗಿ ಅಂಟಿಲ್ಲದ ಕ್ಯಾನ್ವಾಸನ್ನು ಬೆರಳಿನ ಮೇಲೆ ಬಾಗಿಸಿ ಹಿಡಿದು, ಮೇಲ್ಬಟ್ಟೆಯ ಒಂದೆರಡು ಎಳೆಯನ್ನಷ್ಟೇ ಹಿಡಿಯುವ ಓರೆ ಹೊಲಿಗೆಗಳನ್ನು ಸಾಲು ಸಾಲಾಗಿ ಹಾಕಿದೆ. ಬಾಗಿಸಿ ಹೊಲಿದ ಆ ವಕ್ರತೆ ಬಟ್ಟೆಯೊಳಗೇ ಉಳಿದು, ಲ್ಯಾಪೆಲ್ ಈಗ ತಾನಾಗಿಯೇ ಎದೆಯ ಕಡೆಗೆ ಮಗುಚಿಕೊಳ್ಳುತ್ತದೆ. ಇಡೀ ಸೂಟಿನಲ್ಲಿ ನನಗೆ ಅತಿ ಹೆಚ್ಚು ಸಂತೋಷ ಕೊಟ್ಟ ಕೆಲಸ ಇದು, ಹೊರಗಿನಿಂದ ಯಾರ ಕಣ್ಣಿಗೂ ಬೀಳದ ಕೆಲಸವೂ ಹೌದು.

ಕಾಜಾಗಳಿಗೆ ದಾರದ ಬದಲು ಬಟ್ಟೆಯ ಪಟ್ಟಿಯಿಂದ ಅಂಚು ಕಟ್ಟಬೇಕೆಂದು ಹಾಳೆ ಹೇಳುತ್ತದೆ. ಅದನ್ನು ಲ್ಯಾಪೆಲ್ ಮುಗಿಯುವ ಮೊದಲೇ, ಮುಂಭಾಗ ಒಂಟಿ ಪದರವಾಗಿರುವಾಗಲೇ ಮಾಡಬೇಕು ಎಂಬುದನ್ನು ಮಾತ್ರ ಕೊನೆಯ ಹಂತದಲ್ಲಿ ಹೇಳುತ್ತದೆ. ಪೂರ್ತಿ ಓದಿದ ಮೇಲೆಯೇ ಕತ್ತರಿ ಹಿಡಿಯಬೇಕೆಂಬ ಹಿರಿಯರ ಮಾತನ್ನು ನಾನು ಪಾಲಿಸಿದ್ದರಿಂದ ಬಚಾವಾದೆ.

ಬಟ್ಟೆಯ ಲೆಕ್ಕ ನಂಬಲು ಯೋಗ್ಯವಾಗಿದೆ. 54 ಇಂಚು ಅಗಲದ್ದಾದರೆ ಮೂರೂಕಾಲು ಗಜ ಎಂದು ಲಕೋಟೆ ಹೇಳುತ್ತದೆ, ಅಂದರೆ ಹೆಚ್ಚುಕಡಿಮೆ ಮೂರು ಮೀಟರ್. ಚಿಕ್ಕಪೇಟೆಯಲ್ಲಿ 58 ಇಂಚು ಅಗಲದ, ಉಣ್ಣೆ ಬೆರೆತ ಬೂದುಬಣ್ಣದ ತೆಳು ಸೂಟಿಂಗ್ ಬಟ್ಟೆಯನ್ನು ಮೀಟರಿಗೆ 950 ರೂಪಾಯಿಯಂತೆ ಮೂರು ಮೀಟರ್ ಕೊಂಡೆ. ಅಳತೆ ಹಿಗ್ಗಿಸಿದ ಮೇಲೂ ಒಂದು ಚಿಕ್ಕ ತುಂಡು ಉಳಿಯಿತು. ಅಗಲದ ನಾಲ್ಕು ಇಂಚು ಅಲ್ಲಿ ಕೈಹಿಡಿಯಿತು. ಮೂಲದಲ್ಲಿ ಸೂಚಿಸಿದ ದಪ್ಪ ಉಣ್ಣೆ ಬೆಂಗಳೂರಿನ ಡಿಸೆಂಬರಿಗೂ ಹೆಚ್ಚು. ಆದರೆ ಪೂರ್ತಿ ಪಾಲಿಯೆಸ್ಟರ್ ಕೊಳ್ಳಬಾರದು. ತೋಳಿನ ನೆತ್ತಿಯಲ್ಲಿರುವ ಹೆಚ್ಚುವರಿ ಬಟ್ಟೆಯನ್ನು ಹಬೆಯಿಂದ ಕುಗ್ಗಿಸಿ ಆರ್ಮ್‌ಹೋಲಿಗೆ ಕೂರಿಸಬೇಕಾಗುತ್ತದೆ. ಉಣ್ಣೆ ಆ ಮಾತು ಕೇಳುತ್ತದೆ, ಪಾಲಿಯೆಸ್ಟರ್ ಕೇಳದೆ ನೆರಿಗೆಯಾಗಿ ನಿಲ್ಲುತ್ತದೆ. ಕತ್ತರಿಸುವ ಮೊದಲು ಇಡೀ ಬಟ್ಟೆಗೆ ಹಬೆ ಕೊಡಿಸಿದ್ದೆ. ಹೊಲಿಗೆಗೆ ಬಿಟ್ಟ ಮಾರ್ಜಿನ್ ಈ ಪ್ಯಾಟರ್ನಿನಲ್ಲಿ ಅರ್ಧ ಇಂಚು ಮಾತ್ರ; ಇಂದಿನ ಅಮೆರಿಕದ ಪ್ಯಾಟರ್ನ್‌ಗಳ 5/8 ಇಂಚಿನ ಅಭ್ಯಾಸದಲ್ಲಿ ಹೊಲಿದರೆ ಕೋಟು ಸುತ್ತಲೂ ಕಿರಿದಾಗುತ್ತದೆ. ಪಕ್ಕದ ಹೊಲಿಗೆಗಳಿಗೆ ನಾನು ಒಂದು ಇಂಚು ಬಿಟ್ಟೆ. ಮುಂದೆ ಬಿಚ್ಚಿ ಸಡಿಲಿಸಲು ಮಾರ್ಜಿನ್ ಇಲ್ಲದ ಬಟ್ಟೆಯನ್ನು ನಮ್ಮ ಮನೆಯಲ್ಲಿ ಯಾರೂ ಹೊಲಿಸುವುದಿಲ್ಲ.

ಸ್ಕರ್ಟಿನ ಬಗ್ಗೆ ಹೇಳುವುದು ಕಡಿಮೆ. ಮುಂದೆ ಒಂದು ಒಳಮಡಿಕೆಯ ಪ್ಲೀಟ್ ಇರುವುದರಿಂದ ಮೆಟ್ಟಿಲು ಹತ್ತಲು ತೊಡಕಿಲ್ಲ. ಬಾಯಿ ಎಡಪಕ್ಕದಲ್ಲಿದೆ, ಜಿಪ್ ಇಲ್ಲ. ಲೋಹದ ಅಭಾವದ ಕಾಲವಾದ್ದರಿಂದ ಒತ್ತುಗುಂಡಿ ಮತ್ತು ಹುಕ್ಕು ಸೂಚಿಸಿದ್ದಾರೆ. ನಾನು ಜಿಪ್ಪನ್ನೇ ಹಾಕಿದೆ. ಸ್ಕೂಟರ್ ಓಡಿಸುವವರು ಈ ಸ್ಕರ್ಟನ್ನು ಮರೆತು, ಕೋಟನ್ನಷ್ಟೇ ಹೊಲಿದು ಪ್ಯಾಂಟಿನ ಜೊತೆ ತೊಡುವುದು ಒಳ್ಳೆಯದು.

ನನ್ನ ದೊಡ್ಡ ದೂರು ಜೇಬಿನದು. ಕೋಟಿನ ಎರಡೂ ಬದಿಯಲ್ಲಿ ಅಂದವಾದ ಮುಚ್ಚಳಗಳಿವೆ, ಅವುಗಳ ಕೆಳಗೆ ಜೇಬಿಲ್ಲ. ಬಟ್ಟೆ ಉಳಿಸಿದ್ದು ಸರಿಯೇ, ಆದರೆ ಜೇಬಿಲ್ಲದ ಉಡುಪನ್ನು ದಿನಬಳಕೆಯದೆಂದು ಕರೆಯಲು ನನಗೆ ಮನಸ್ಸು ಬರುವುದಿಲ್ಲ. ಬಲಬದಿಯ ಮುಚ್ಚಳದ ಕೆಳಗೆ ಸೀಳಿ ಅಸ್ತರಿನ ಬಟ್ಟೆಯಲ್ಲಿ ಚೀಲ ಹೊಲಿದು ಮೆಟ್ರೋ ಕಾರ್ಡಿಗೆ ಜಾಗ ಮಾಡಿದೆ. ಫೋನಿನ ಭಾರಕ್ಕೆ ಕೋಟಿನ ಆ ಬದಿ ಜಗ್ಗುವುದರಿಂದ ಫೋನು ಇನ್ನೂ ಕೈಚೀಲದಲ್ಲೇ ಇದೆ.

ಅಸ್ತರು, ಕ್ಯಾನ್ವಾಸ್, ಗುಂಡಿ, ಜಿಪ್ ಎಲ್ಲ ಸೇರಿ ಪ್ಯಾಟರ್ನ್ ಹೊರತಾಗಿ ಖರ್ಚು 4,700 ರೂಪಾಯಿ ದಾಟಿತು, ಆರು ವಾರಗಳ ಸಂಜೆಗಳು ಹೋದವು. ರವಿಕೆಯನ್ನಾದರೂ ಅಸ್ತರು ಹಾಕಿ ತಪ್ಪಿಲ್ಲದೆ ಹೊಲಿದ ಅನುಭವವಿಲ್ಲದವರಿಗೆ ಇದನ್ನು ನಾನು ಶಿಫಾರಸು ಮಾಡುವುದಿಲ್ಲ. ಅವರು ಹಳೆಯ ವಿನ್ಯಾಸಗಳನ್ನು ಇಂದಿನ ಅಳತೆಗೆ ತಂದು ಗೆರೆ ಮುದ್ರಿಸಿ ಮಾರುವ ಮರುಮುದ್ರಣಗಳಿಂದ ಆರಂಭಿಸಬಹುದು. ಆದರೆ ಹಾಗೆ ತರುವಾಗ ಆರ್ಮ್‌ಹೋಲನ್ನು ಇಳಿಸಿರುವ ಸಾಧ್ಯತೆ ಇರುವುದರಿಂದ, ಕೋರಾ ಬಟ್ಟೆಯಲ್ಲಿ ಹೊಲಿದು ಕೈ ಎತ್ತಿ ನೋಡದೆ ಮುಂದುವರಿಯಬಾರದು. ಅನುಭವವಿರುವವರು ಮೂಲವನ್ನೇ ಕೊಳ್ಳಲಿ.

ಸೂಟನ್ನು ಇದುವರೆಗೆ ಹನ್ನೊಂದು ಬಾರಿ ತೊಟ್ಟಿದ್ದೇನೆ. ಮೇಲ್ಬಟ್ಟೆಯಲ್ಲಿ ಒಂದು ಹೊಲಿಗೆಯೂ ಬಿಟ್ಟಿಲ್ಲ. ಬಲಕಂಕುಳಿನ ಬಳಿ ಅಸ್ತರು ಮಾತ್ರ ಒಂದೂವರೆ ಇಂಚು ಪಿಸಿದಿದೆ. ಮೇಲ್ಬಟ್ಟೆ ಕೈಯ ಜೊತೆ ಆಡುವಷ್ಟು ಸಡಿಲವನ್ನು ನಾನು ಅಸ್ತರಿಗೆ ಬಿಟ್ಟಿರಲಿಲ್ಲ. ಈ ಭಾನುವಾರ ಅದನ್ನು ಬಿಚ್ಚಿ, ಕಂಕುಳಿನ ಅಡಿಯಲ್ಲಿ ಅರ್ಧ ಇಂಚು ಹೆಚ್ಚು ಕೊಟ್ಟು, ಮೆಷಿನ್ನಿನ ಬದಲು ಕೈಯಿಂದಲೇ ಹೊಲಿಯಬೇಕು.